ಮನೆಯಂಗಳದಲ್ಲಿ ಕಾರಿಗೆ ಕರೆಂಟು

“ಸಾರ್, ಯಾವ ಕಂಪೆನಿಯ ಚಾರ್ಜರು ಹಾಕಿಸಿದಿರಿ?” ಎಂಬ ಪ್ರಶ್ನೆಯನ್ನು ಈಚೆಗೆ ನನ್ನನ್ನು ಕೇಳದವರಿಲ್ಲ. ಬಸ್ ನಿಲ್ದಾಣದಲ್ಲಿ ಕೇಳುತ್ತಾರೆ; ಮದುವೆಯ ಪಂಕ್ತಿಯಲ್ಲಿ ಕೇಳುತ್ತಾರೆ; ಉತ್ತರ ಪತ್ರಿಕೆಗಳನ್ನು ತಿದ್ದಲು ಕುಳಿತ ಕಡೆಯಲ್ಲಿಯೂ ಪಕ್ಕದ ಮೇಷ್ಟರು ಕೆಂಪು ಪೆನ್ನನ್ನು ಕೆಳಗಿಟ್ಟು ಕೇಳುತ್ತಾರೆ. ಷಟ್ಪದಿಯ ಮಾತ್ರೆಗಳನ್ನು ಎಣಿಸಿಕೊಂಡಿದ್ದ ಕನ್ನಡ ಪಂಡಿತನಿಗೆ ಆಂಪಿಯರುಗಳ ಎಣಿಕೆ ಏಕೆ ಬಂತು ಎಂದು ನಿಮಗೆ ನಗು ಬಂದೀತು. ಬಂದರೆ ತಪ್ಪಿಲ್ಲ. ನಾನು ವಿದ್ಯುಚ್ಛಕ್ತಿಯ ಶಾಸ್ತ್ರ ಬಲ್ಲವನಲ್ಲ. ಆದರೆ ಆ ಶಾಸ್ತ್ರವನ್ನು ಅರಿಯದೆ ನಡೆದು, ಕೇಡು ಕೂದಲೆಳೆಯಷ್ಟರಲ್ಲಿ ತಪ್ಪಿದ ಮೇಲೆ, ಬಲ್ಲವರ ಕಾಲಬಳಿ ಕುಳಿತು ನಾಲ್ಕು ಮಾತು ಕಲಿತವನು. ಅದನ್ನೇ ಈ ಹೊತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಯಾವ ಚಾರ್ಜರು ಎಂಬುದು ನಾಲ್ಕನೆಯ ಪ್ರಶ್ನೆ. ಅದಕ್ಕಿಂತ ಮೊದಲು ಮೂರು ಪ್ರಶ್ನೆಗಳುಂಟು. ದಿನಕ್ಕೆ ನಾವು ಎಷ್ಟು ದೂರ ಓಡಾಡುತ್ತೇವೆ? ನಮ್ಮ ಕಾರು ಒಂದು ಗಂಟೆಯಲ್ಲಿ ಎಷ್ಟು ವಿದ್ಯುತ್ತನ್ನು ಒಳಗೆ ತೆಗೆದುಕೊಂಡೀತು? ನಮ್ಮ ಮನೆ, ಅಂದರೆ ಅದರ ತಂತಿ ಮತ್ತು ಅದರ ನೆಲ, ಎಷ್ಟನ್ನು ನಿರಪಾಯವಾಗಿ ಕೊಟ್ಟೀತು? ಈ ಮೂರಕ್ಕೂ ಉತ್ತರ ಸಿಕ್ಕರೆ ನಾಲ್ಕನೆಯದಕ್ಕೆ ಉತ್ತರ ತಾನಾಗಿಯೇ ಸಿಕ್ಕುತ್ತದೆ. ನಾನು ಮೂರನ್ನೂ ಬಿಟ್ಟು ನೇರವಾಗಿ ನಾಲ್ಕನೆಯದಕ್ಕೆ ಹಾರಿದವನು.

ಮೊದಲು, ಈ ಚಾರ್ಜರು ಎಂಬುದು ಏನು ಎಂದು ನೋಡೋಣ. ಗೋಡೆಗೆ ಹಾಕಿಸುವ ಪೆಟ್ಟಿಗೆಯನ್ನು ನಾವೆಲ್ಲ ಚಾರ್ಜರು ಎಂದು ಕರೆಯುತ್ತೇವೆ. ನಿಜವಾದ ಚಾರ್ಜರು ಇರುವುದು ಕಾರಿನ ಹೊಟ್ಟೆಯೊಳಗೆ. ಮನೆಗೆ ಬರುವುದು ಎಸಿ ಕರೆಂಟು. ಬ್ಯಾಟರಿಗೆ ಬೇಕಾದದ್ದು ಡಿಸಿ ಕರೆಂಟು. ಒಂದನ್ನು ಇನ್ನೊಂದಾಗಿ ಮಾಡುವ ಯಂತ್ರ ಕಾರಿನೊಳಗೇ ಇದೆ. ಹಾಗಾದರೆ ಗೋಡೆಯ ಪೆಟ್ಟಿಗೆಯ ಕೆಲಸವೇನು? ಅದು ಬಾಗಿಲು ಕಾಯುವವನ ಕೆಲಸ. ಕೇಬಲ್ಲಿನ ತುದಿ ಕಾರಿಗೆ ಸರಿಯಾಗಿ ಕೂತಿದೆಯೇ, ಅರ್ತಿಂಗು ಇದೆಯೇ, ಎಲ್ಲಿಯಾದರೂ ಕರೆಂಟು ಸೋರುತ್ತಿದೆಯೇ ಎಂದು ಅದು ಮೊದಲು ವಿಚಾರಿಸುತ್ತದೆ. ಆಮೇಲೆ ಕಾರಿಗೆ, “ಇಲ್ಲಿ ಇಷ್ಟು ಆಂಪಿಯರು ಸಿಕ್ಕುತ್ತದೆ, ಅದಕ್ಕಿಂತ ಹೆಚ್ಚು ಎಳೆಯಬೇಡ” ಎಂದು ಒಂದು ಸಣ್ಣ ತಂತಿಯ ಮೂಲಕ ಸನ್ನೆ ಮಾಡುತ್ತದೆ. ಕಾರು ಒಪ್ಪಿದರೆ ಬಾಗಿಲು ತೆರೆಯುತ್ತದೆ. ಇಷ್ಟೇ.

ಈ ಮಾತು ತಿಳಿದರೆ ಅರ್ಧ ಹಣ ಉಳಿಯುತ್ತದೆ. ಮನೆಯಲ್ಲಿ ಬಳಸುವ ಪೆಟ್ಟಿಗೆಗಳು ಮುಖ್ಯವಾಗಿ ಮೂರು ಬಗೆ. ಒಂದು, ಕಾರಿನ ಜೊತೆಯಲ್ಲೇ ಸಾಮಾನ್ಯವಾಗಿ ಬರುವ, ೧೬ ಆಂಪಿಯರಿನ ಸಾಕೆಟ್ಟಿಗೆ ಚುಚ್ಚುವ, ಸುಮಾರು ೩ ಕಿಲೋವ್ಯಾಟಿನ ಕೈ ಚಾರ್ಜರು. ಎರಡು, ಗೋಡೆಗೆ ಕೂರಿಸುವ, ಸಿಂಗಲ್ ಫೇಸಿನಲ್ಲಿ ೩೨ ಆಂಪಿಯರು ಎಳೆಯುವ, ೭.೨ ಅಥವಾ ೭.೪ ಕಿಲೋವ್ಯಾಟಿನದು. ಮೂರು, ತ್ರೀ ಫೇಸ್ ಬೇಕಾಗುವ ೧೧ ಮತ್ತು ೨೨ ಕಿಲೋವ್ಯಾಟಿನವು. ಹೆದ್ದಾರಿಯ ಬದಿಯಲ್ಲಿ ಕಾಣುವ ಆಳೆತ್ತರದ ಡಿಸಿ ಯಂತ್ರಗಳು ಮನೆಯ ಬಾಬತ್ತಲ್ಲ. ಅವು ಎಸಿಯನ್ನು ಡಿಸಿ ಮಾಡುವ ಕೆಲಸವನ್ನು ಹೊರಗೇ ಮುಗಿಸಿ, ನೇರವಾಗಿ ಬ್ಯಾಟರಿಗೆ ಉಣಿಸುತ್ತವೆ.

ಈಗ ನಿಮ್ಮ ಕಾರಿನೊಳಗಿನ ಯಂತ್ರ ೩.೩ ಕಿಲೋವ್ಯಾಟಿನದಾಗಿದ್ದರೆ, ಗೋಡೆಗೆ ೭.೨ರ ಪೆಟ್ಟಿಗೆಯನ್ನಾಗಲಿ ೨೨ರ ಪೆಟ್ಟಿಗೆಯನ್ನಾಗಲಿ ಹಾಕಿಸಿದರೂ ಕಾರು ತೆಗೆದುಕೊಳ್ಳುವುದು ೩.೩ನ್ನೇ. ಹೊಳೆ ತುಂಬಿ ಹರಿದರೂ ತಂಬಿಗೆಗೆ ಅದರ ಬಾಯಿ ಎಷ್ಟೋ ಅಷ್ಟೇ ನೀರು. ಆದಕಾರಣ ಕಾರಿನ ಕೈಪಿಡಿಯಲ್ಲಿ ಈ ಅಂಕಿಯನ್ನು ಹುಡುಕಿ, ಗುರುತು ಹಾಕಿಕೊಂಡು, ಆಮೇಲೆ ಅಂಗಡಿಗೆ ಹೋಗಿರಿ.

ಇನ್ನು ದೂರದ ಲೆಕ್ಕ. ನಾನು ಶಾಲೆಗೆ ಹೋಗಿ ಬರುವುದು ದಿನಕ್ಕೆ ಸುಮಾರು ೪೦ ಕಿಲೋಮೀಟರು. ನನ್ನಂಥ ಸಣ್ಣ ಕಾರು ಒಂದು ಯೂನಿಟ್ಟಿಗೆ ಆರು ಏಳು ಕಿಲೋಮೀಟರು ಓಡುತ್ತದೆ. ದಾರಿಯಲ್ಲಿ ಶಾಖವಾಗಿ ಪೋಲಾಗುವುದನ್ನೂ ಸೇರಿಸಿದರೆ ದಿನಕ್ಕೆ ೭ ಯೂನಿಟ್ಟು ಸಾಕು. ೩ ಕಿಲೋವ್ಯಾಟಿನ ಚಾರ್ಜರಿನಲ್ಲಿ ಇದಕ್ಕೆ ಎರಡೂಕಾಲು, ಎರಡೂವರೆ ಗಂಟೆ, ೭.೨ರದರಲ್ಲಿ ಒಂದು ಗಂಟೆ. ನಾವು ರಾತ್ರಿ ಹತ್ತಕ್ಕೆ ಮಲಗಿ ಐದಕ್ಕೆ ಏಳುವ ಜನ. ಏಳು ಗಂಟೆ ನಿದ್ರೆ ಮಾಡುವ ಕಾರಿಗೆ ಒಂದೇ ಗಂಟೆಯಲ್ಲಿ ಊಟ ಮುಗಿಸಿಬಿಡು ಎಂದು ಅವಸರಪಡಿಸುವುದೇಕೆ? ದಿನಕ್ಕೆ ನೂರೈವತ್ತು, ಇನ್ನೂರು ಕಿಲೋಮೀಟರು ಓಡಾಡುವವರ ಮಾತು ಬೇರೆ. ಮನೆಯಲ್ಲಿ ಎರಡು ಕಾರು ಇರುವವರ ಮಾತು ಬೇರೆ. ಉಳಿದವರಿಗೆ ಸಣ್ಣ ಚಾರ್ಜರು ಹೆಚ್ಚಾಗಿ ಸಾಕು.

ಇದು ನಮ್ಮ ನಾಡಿಗೆ ಹೊಸ ಅನುಭವವೂ ಅಲ್ಲ. ೨೦೦೧ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಬೀದಿಗಿಳಿದ ರೇವಾ ಎಂಬ ಪುಟ್ಟ ಕಾರನ್ನು ನೆನೆಯಿರಿ. ಸೀಸದ ಬ್ಯಾಟರಿಯ ಆ ಗಾಡಿ ಮನೆಯ ೧೫ ಆಂಪಿಯರಿನ ಪ್ಲಗ್ಗಿನಿಂದಲೇ ರಾತ್ರಿಯೆಲ್ಲ ತುಂಬಿಕೊಂಡು ಬೆಳಗ್ಗೆ ಹೊರಡುತ್ತಿತ್ತು.

ಇಷ್ಟು ಓದಿದವರು, “ಹಾಗಾದರೆ ಇರುವ ಪ್ಲಗ್ಗಿಗೆ ಚುಚ್ಚಿದರೆ ಮುಗಿಯಿತಲ್ಲ” ಎಂದಾರು. ನಾನೂ ಹಾಗೆಯೇ ಎಂದುಕೊಂಡೆ. ಕಾರು ಮನೆಗೆ ಬಂದ ದಿನ ಸಂಜೆ, ಪೂಜೆಯಾಗಿ ನಿಂಬೆಹಣ್ಣು ತುಳಿಸಿದ ಮೇಲೆ, ಕೈ ಚಾರ್ಜರನ್ನು ಪಡಸಾಲೆಯ ಕಿಟಕಿಯ ಬಳಿಯ ಸಾಕೆಟ್ಟಿಗೆ ಚುಚ್ಚಿದೆ. ಅದರ ಮೇಲೆ ಕೆಂಪು ದೀಪ ಹತ್ತಿತು. ಕರೆಂಟು ಹರಿಯಲಿಲ್ಲ. ವೈರಿಂಗು ಮಾಡುವ ಹುಡುಗನೊಬ್ಬನನ್ನು ಕರೆಸಿದೆ. ಅವನು ಸಾಕೆಟ್ಟನ್ನು ಬಿಚ್ಚಿ, ಒಳಗೆ ಗೇಣುದ್ದವೂ ಇಲ್ಲದ ಒಂದು ತಂತಿಯ ತುಣುಕನ್ನು ಸೇರಿಸಿ, ಮುಚ್ಚಿದ. ಹಸುರು ದೀಪ ಬಂತು. “ಏನು ಮಾಡಿದೆಯಪ್ಪಾ?” ಎಂದೆ. “ಏನೂ ಆಗಲ್ರಿ ಸಾರ್, ಎಲ್ಲಾರ ಮನ್ಯಾಗೂ ಹಿಂಗೇ ಮಾಡೀವಿ” ಎಂದ. ಚಹಾ ಕುಡಿಸಿ, ನೂರು ರೂಪಾಯಿ ಕೊಟ್ಟು ಕಳಿಸಿದೆ.

ಎರಡು ತಿಂಗಳು ಯಾವ ತೊಂದರೆಯೂ ಇಲ್ಲ. ಯುಗಾದಿ ಕಳೆದ ವಾರ. ನಮ್ಮ ತಾಯಿಗೆ ಎಂಬತ್ತು ದಾಟಿದೆ. ಆದರೂ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕುವ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಅಂದು ನಸುಕಿನಲ್ಲಿ ಅವರು ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ, ಬಾಗಿದ್ದವರು ಏಳುವುದಕ್ಕಾಗಿ ಕಾರಿನ ಬಾಗಿಲಿಗೆ ಕೈ ಊರಿದರು. “ಅಯ್ಯೋ, ಚೇಳು ಕಡೀತು!” ಎಂದು ಕೂಗಿದ ದನಿಗೆ ನಾನು ಹಾಸಿಗೆಯಿಂದ ಓಡಿ ಬಂದೆ. ಕಲ್ಲಿನ ಊರು, ಚೇಳು ಅಪರೂಪವಲ್ಲ. ನಾನೂ ನಮ್ಮ ಮನೆಯವರೂ ಬ್ಯಾಟರಿ ಹಿಡಿದು ಗಾಲಿಗಳ ಸಂದಿ, ಕಟ್ಟೆಯ ಮೂಲೆ ಎಲ್ಲ ಹುಡುಕಿದೆವು. ಚೇಳೂ ಇಲ್ಲ, ಕಡಿದ ಗುರುತೂ ಇಲ್ಲ. ಅಷ್ಟರಲ್ಲಿ ನನ್ನ ಕೈಯೂ ಕಾರಿಗೆ ತಗಲಿತು. ನನಗೂ ಚೇಳು ಕಡಿಯಿತು. ಆಗ ತಿಳಿಯಿತು.

ಮೇನ್ ಸ್ವಿಚ್ಚನ್ನು ಆರಿಸಿ, ವಿದ್ಯುತ್ತಿನ ಕೆಲಸದಲ್ಲಿಯೇ ಆಯುಷ್ಯ ಸವೆಸಿ ನಿವೃತ್ತರಾದ ನಮ್ಮ ಬೀಗರ ಕಡೆಯ ಹಿರಿಯರೊಬ್ಬರನ್ನು ಬಳ್ಳಾರಿಯಿಂದ ಕರೆದುಕೊಂಡು ಬಂದೆ. ಅವರು ಸಾಕೆಟ್ಟಿನಿಂದ ಆ ತುಣುಕು ತಂತಿಯನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟು, “ಮೇಷ್ಟ್ರೇ, ನಿಮ್ಮ ಮನ್ಯಾಗ ಅರ್ತೇ ಇಲ್ಲಲ್ರೀ!” ಎಂದರು. ಮೂವತ್ತು ವರ್ಷ ಮಕ್ಕಳಿಗೆ ಪದ್ಯದ ಅರ್ಥ ಹೇಳಿಕೊಂಡು ಬಂದವನ ಮನೆಯಲ್ಲಿ ಅರ್ಥವಿಲ್ಲ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವರು ಬಿಡಿಸಿ ಹೇಳಿದ್ದು ಹೀಗೆ. ನಮ್ಮ ಮನೆ ಕಟ್ಟಿದಾಗ ಅರ್ತಿನ ತಂತಿಯನ್ನು ಕಬ್ಬಿಣದ ನೀರಿನ ಕೊಳಾಯಿಗೆ ಸುತ್ತಿದ್ದರು. ಅದು ಸರಿಯಾದ ಪದ್ಧತಿಯಲ್ಲದಿದ್ದರೂ, ಕೊಳಾಯಿ ನೆಲದೊಳಗೆ ಹೋಗಿದ್ದುದರಿಂದ ಹೇಗೋ ನಡೆದಿತ್ತು. ಕೆಲವು ವರ್ಷಗಳ ಹಿಂದೆ ತುಕ್ಕು ಹಿಡಿದ ಕೊಳಾಯಿಯನ್ನು ತೆಗೆಸಿ ಪ್ಲಾಸ್ಟಿಕ್ಕಿನದು ಹಾಕಿಸಿದೆವು. ನೀರು ಚೆನ್ನಾಗಿ ಬಂತು, ಅರ್ತು ಹೋಯಿತು. ಯಾರಿಗೂ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಂಡು ಹೇಳಿದ್ದು ಆ ಚಾರ್ಜರೊಂದೇ. ಅದರ ಕೆಂಪು ದೀಪ ನಿಜವಾದ ಸಾಕ್ಷಿ ನುಡಿಯಿತು. ನಾವು ಅದರ ಬಾಯಿ ಮುಚ್ಚಿಸಿದೆವು.

ಹೇಗೆ ಮುಚ್ಚಿಸಿದೆವು ಎಂದರೆ, ಆ ತುಣುಕು ತಂತಿ ನ್ಯೂಟ್ರಲನ್ನೂ ಅರ್ತನ್ನೂ ಸಾಕೆಟ್ಟಿನೊಳಗೇ ಕೂಡಿಸಿತ್ತು. ನ್ಯೂಟ್ರಲ್ ಎಂಬುದು ದಿನವೂ ಕರೆಂಟು ಮರಳಿ ಹೋಗುವ ರಾಜಮಾರ್ಗ. ಅರ್ತ್ ಎಂಬುದು ದಾರಿ ತಪ್ಪಿದ ಕರೆಂಟು ಯಾರಿಗೂ ತೊಂದರೆ ಮಾಡದೆ ನೆಲ ಸೇರಲೆಂದು ಇಟ್ಟ ಬೇರೆ ದಾರಿ. ಅದು ಕಾರಿನ ಮೈಗೆ ಕೂಡಿಕೊಂಡಿರುತ್ತದೆ. ಎರಡನ್ನೂ ಸಾಕೆಟ್ಟಿನಲ್ಲಿ ಕೂಡಿಸಿದರೆ ಚಾರ್ಜರು ಮೋಸಹೋಗಿ ಅರ್ತು ಇದೆ ಎಂದು ತಿಳಿಯುತ್ತದೆ. ನಮ್ಮ ಮೀಟರಿನ ಹಲಗೆಯ ಮೇಲೆ ನ್ಯೂಟ್ರಲ್ ತಂತಿಯ ತಿರುಪು ಸಡಿಲವಾಗಿತ್ತು. ನಸುಕಿನಲ್ಲಿ ನೀರಿನ ಮೋಟಾರು ಹಾಕಿದಾಗ, ಮರಳುವ ಕರೆಂಟಿಗೆ ದಾರಿ ಇಕ್ಕಟ್ಟಾಗಿ, ಆ ತುಣುಕಿನ ಮೂಲಕ ಕಾರಿನ ಮೈಗೆಲ್ಲ ವೋಲ್ಟೇಜು ಏರಿತು. “ತಿರುಪು ಪೂರಾ ಕಳಚಿದ್ದರೆ?” ಎಂದು ಕೇಳಿದೆ. ಹಿರಿಯರು ಉತ್ತರ ಹೇಳಲಿಲ್ಲ. ಪಡಸಾಲೆಯಲ್ಲಿ ಕುಳಿತಿದ್ದ ನಮ್ಮ ತಾಯಿಯ ಕಡೆ ನೋಡಿದರು. ಮನೆಯ ಕರೆಂಟು ೨೩೦ ವೋಲ್ಟು. ಅಷ್ಟೂ ಕಾರಿನ ಬಾಗಿಲಿಗೆ ಬಂದಿರುತ್ತಿತ್ತು.

ಆದುದರಿಂದ ಈ ಮಾತನ್ನು ಒತ್ತಿ ಹೇಳುತ್ತೇನೆ. ಅರ್ತು ಇಲ್ಲವೆಂದು ಚಾರ್ಜರು ಹೇಳಿದರೆ ಅರ್ತನ್ನು ಹಾಕಿಸಿರಿ; ಚಾರ್ಜರಿನ ಕಣ್ಣಿಗೆ ಮಣ್ಣೆರಚಬೇಡಿರಿ. “ಎಲ್ಲರ ಮನೆಯಲ್ಲೂ ಹೀಗೇ” ಎಂದು ಯಾರಾದರೂ ತುಣುಕು ತಂತಿ ತೆಗೆದರೆ ಅವರನ್ನು ಮರ್ಯಾದೆಯಿಂದ ಹೊರಗೆ ಕಳುಹಿಸಿರಿ.

ಅರ್ತು ಹಾಕಿಸುವುದೂ ನಮ್ಮೂರಿನಲ್ಲಿ ಸುಲಭವಾಗಲಿಲ್ಲ. ಸಂಗನಕಲ್ಲು ಎಂಬ ಹೆಸರಿನಲ್ಲೇ ಕಲ್ಲಿದೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿಯ ಹಿರೇಗುಡ್ಡದಲ್ಲಿ ಜನ ಕಪ್ಪು ಕಲ್ಲನ್ನು ಒಡೆದು, ಕೆತ್ತಿ, ಉಜ್ಜಿ ಕೊಡಲಿಗಳನ್ನು ಮಾಡುತ್ತಿದ್ದರು. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಈ ನೆಲೆಯನ್ನು ಕಂಡರು. ೧೯೪೦ರ ದಶಕದಲ್ಲಿ ಬಿ. ಸುಬ್ಬರಾವ್ ಅವರು ಇಲ್ಲಿ ಅಗೆದು ನೋಡಿದರು. ತಟ್ಟಿದರೆ ಗಂಟೆಯಂತೆ ದನಿಗೊಡುವ ಬಂಡೆಗಳು ಈಗಲೂ ಆ ಗುಡ್ಡದಲ್ಲಿವೆ. ಆ ಜನಕ್ಕೆ ತಮ್ಮ ನೆಲದ ಕಲ್ಲಿನ ಗುಣ ಗೊತ್ತಿತ್ತು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸುವ ನನಗೆ, ನನ್ನ ಮನೆಯ ಕೆಳಗೆ ಆರಡಿಯಲ್ಲಿ ಏನಿದೆ ಎಂಬುದೇ ಗೊತ್ತಿರಲಿಲ್ಲ.

ಬಂಡೆಯಿತ್ತು. ಮನೆಯ ಮುಂದೆ ತೋಡಿದ ಗುಂಡಿಯಲ್ಲಿ ಸಲಾಕೆ ನಿಲ್ಲಿಸಿ, ಅಳೆಯುವ ಯಂತ್ರ ಇಟ್ಟು ನೋಡಿದರೆ ೪೦ ಓಮು ತಡೆ. ಇದರ ಅರ್ಥವೇನೆಂದು ಹಿರಿಯರು ನನ್ನಿಂದಲೇ ಲೆಕ್ಕ ಮಾಡಿಸಿದರು. ೨೩೦ನ್ನು ೪೦ರಿಂದ ಭಾಗಿಸಿದರೆ ಆರು ಆಂಪಿಯರೂ ಬರುವುದಿಲ್ಲ. ೧೬ ಆಂಪಿಯರಿನ ಎಂಸಿಬಿ ಅಷ್ಟಕ್ಕೆ ಬೀಳುವುದೇ ಇಲ್ಲ! ಕಾರಿನ ಮೈಯಲ್ಲಿ ಕರೆಂಟು ನಿಂತೇ ಇರುತ್ತದೆ. ಎಂಸಿಬಿ ನಿಶ್ಚಿಂತೆಯಿಂದ ನೋಡುತ್ತಿರುತ್ತದೆ. ಕಲ್ಲಿನ ನೆಲ, ಮಳೆ ಕಡಿಮೆಯಾದ ಸೀಮೆ, ಒಣ ಮಣ್ಣು ಎಲ್ಲಿದ್ದರೂ ಈ ಅಪಾಯ ಉಂಟು. ಕಡೆಗೆ ಹಿತ್ತಲಿನಲ್ಲಿ, ಬಚ್ಚಲ ನೀರು ಹರಿದು ಮಣ್ಣು ಆಳವಾಗಿ ತಂಪಾಗಿರುವ ಕಡೆ, ಎರಡು ತಾಮ್ರಲೇಪದ ಸಲಾಕೆಗಳನ್ನು ದೂರ ದೂರ ಇಳಿಸಿ, ಸುತ್ತ ಬೆಂಟೊನೈಟ್ ಪುಡಿ ತುಂಬಿ, ಎರಡನ್ನೂ ಕೂಡಿಸಿದ ಮೇಲೆ ೪ ಓಮಿಗೆ ಬಂತು. ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದು ಈಗ ತುಳಸಿಕಟ್ಟೆಗೆ ನೀರು ಹಾಕುವಷ್ಟೇ ನಿತ್ಯದ ಕೆಲಸವಾಗಿದೆ. ವರ್ಷಕ್ಕೊಮ್ಮೆ, ನೆಲ ಅತ್ಯಂತ ಒಣಗಿದ ಏಪ್ರಿಲ್ ಮೇ ತಿಂಗಳಲ್ಲಿಯೇ, ಅಳೆಸಬೇಕು. ಮಳೆಗಾಲದ ಅಳತೆಯನ್ನು ನಂಬಿ ಕೂಡಬಾರದು.

ಅರ್ತಿನ ಜೊತೆಗೆ ಆರ್‌ಸಿಸಿಬಿ ಎಂಬ ಸ್ವಿಚ್ಚು ಅವಶ್ಯ. ಅದೊಂದು ತಕ್ಕಡಿ. ಹೋದ ಕರೆಂಟನ್ನೂ ಮರಳಿದ ಕರೆಂಟನ್ನೂ ಸದಾ ತೂಗುತ್ತಿರುತ್ತದೆ. ೩೦ ಮಿಲಿಆಂಪಿಯರು ಕಡಿಮೆ ಬಂದರೂ ಕಣ್ಣು ಮಿಟುಕಿಸುವುದರೊಳಗೆ ಕರೆಂಟನ್ನು ಕತ್ತರಿಸುತ್ತದೆ. ಎಂಸಿಬಿ ಕಾಯುವುದು ತಂತಿಯನ್ನು. ಇದು ಕಾಯುವುದು ಮನುಷ್ಯರನ್ನು. ಕಾರಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾರಿನೊಳಗೆ ದೋಷ ಬಂದರೆ ಡಿಸಿ ಕರೆಂಟು ಹಿಂದಕ್ಕೆ ಸೋರಿ, ಸಾಧಾರಣ ತಕ್ಕಡಿಯ ಮುಳ್ಳನ್ನು ಹಿಡಿದು ನಿಲ್ಲಿಸಬಹುದು. ಆದ್ದರಿಂದ ೬ ಮಿಲಿಆಂಪಿಯರು ಡಿಸಿ ಸೋರಿಕೆಯನ್ನು ಗುರುತಿಸುವ ಏರ್ಪಾಡು ಪೆಟ್ಟಿಗೆಯಲ್ಲೇ ಇದೆಯೇ ಎಂದು ಕೇಳಿರಿ. ಇದ್ದರೆ ಹೊರಗೆ ಟೈಪ್ ಎ ಸಾಕು, ಇಲ್ಲದಿದ್ದರೆ ಟೈಪ್ ಬಿ ಬೇಕು.

ಇನ್ನು ತಂತಿ. ಕಾರಿಗೆ ಮೀಟರಿನಿಂದಲೇ ಬೇರೆ ಲೈನು ಎಳೆಸಿರಿ. ಇಸ್ತ್ರಿಪೆಟ್ಟಿಗೆ ಹತ್ತು ನಿಮಿಷ ಎಳೆಯುವುದು ಬೇರೆ, ಕಾರು ಗಂಟೆಗಟ್ಟಲೆ ಬಿಡದೆ ಎಳೆಯುವುದು ಬೇರೆ. ಸಾಧಾರಣ ಸಾಕೆಟ್ಟು ಆ ಕಾವಿಗೆ ಕಂದಿ ಕರಗುತ್ತದೆ. ಕಾರ್ಖಾನೆಗಳಲ್ಲಿ ಬಳಸುವ ನೀಲಿ ಬಣ್ಣದ ಮೂರು ಕಡ್ಡಿಯ ಸಾಕೆಟ್ಟು ತಡೆಯುತ್ತದೆ. ಎಕ್ಸ್‌ಟೆನ್ಷನ್ ಬೋರ್ಡು ಕೂಡದೇ ಕೂಡದು. ಈಗ ೧೬ ಆಂಪಿಯರು ಸಾಕು ಎನ್ನುವವರೂ ಗೋಡೆಯೊಳಗೆ ೬ ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿಸುವುದು ಒಳ್ಳೆಯದು. ನಾಳೆ ದೊಡ್ಡ ಕಾರು ಬಂದರೆ ಪೆಟ್ಟಿಗೆಯನ್ನು ಬದಲಾಯಿಸಬಹುದು. ತಂತಿಗಾಗಿ ಗೋಡೆ ಒಡೆಯುವ ಗೋಜು ಯಾರಿಗೆ ಬೇಕು?

ಈಗ ನಾಲ್ಕನೆಯ ಪ್ರಶ್ನೆಗೆ ಬಂದೆವು. ಪೆಟ್ಟಿಗೆಯನ್ನು ಕೊಳ್ಳುವಾಗ ನಾನು ಕೇಳಿದ ಮಾತುಗಳಿವು. ವೋಲ್ಟೇಜು ಬಿದ್ದರೆ, ಏರಿದರೆ ತಾನಾಗಿ ನಿಲ್ಲುತ್ತದೆಯೇ? ಕರೆಂಟು ಹೋಗಿ ಬಂದರೆ ನಡುರಾತ್ರಿ ನನ್ನನ್ನು ಎಬ್ಬಿಸದೆ ತಾನೇ ಮತ್ತೆ ಶುರುಮಾಡುತ್ತದೆಯೇ? ಆಂಪಿಯರನ್ನು ಕಡಿಮೆ ಮಾಡಿ ಇಡಲು ಬರುತ್ತದೆಯೇ? ಎಷ್ಟು ಡಿಗ್ರಿ ಬಿಸಿಲಿನವರೆಗೆ ತಾಳುತ್ತದೆ? ನಮ್ಮ ಬಳ್ಳಾರಿಯ ಬೇಸಿಗೆ ೪೦ ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತು. ಪಡುವಣ ಗೋಡೆಗೆ ಹಾಕಿದ ಪೆಟ್ಟಿಗೆ ಇನ್ನೂ ಹೆಚ್ಚು ಕಾಯುತ್ತದೆ. ನೆರಳಿರುವ ಗೋಡೆ, ಮಳೆಯ ಇರಚಲು ತಗಲದ ಎತ್ತರ, ದನಕರು ಎಡವದ ಕೇಬಲ್ಲಿನ ಉದ್ದ, ಇವು ಮೊದಲು. ತೂತಿನ ಆಕಾರ ಟೈಪ್ ೨ ಎಂಬುದಾಗಿದ್ದರೆ ಇಂದಿನ ಬಹುಪಾಲು ಕಾರುಗಳಿಗೆ ಹೊಂದುತ್ತದೆ. ಕೆಟ್ಟರೆ ರಿಪೇರಿಗೆ ಬಳ್ಳಾರಿಯಲ್ಲಿಯೇ ಜನ ಸಿಕ್ಕುತ್ತಾರೆಯೇ? ಫೋನಿನಿಂದ ನಡೆಸುವ ಸೊಗಸುಗಳಿಗೆ ಹೆಚ್ಚಿನ ಹಣ ಕೇಳುತ್ತಾರೆ. ಅವು ಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಸಮಯ ಗೊತ್ತುಮಾಡುವ ಅನುಕೂಲ ಎಷ್ಟೋ ಕಾರುಗಳಲ್ಲಿಯೇ ಇರುತ್ತದೆ.

ಕಡೆಯದಾಗಿ ಕಚೇರಿಯ ಮಾತು. ಮನೆಗೆ ಇರುವ ಸಂಪರ್ಕದಿಂದಲೇ ಕಾರನ್ನು ಚಾರ್ಜು ಮಾಡಿಕೊಳ್ಳಬಹುದೆಂದು ಕೇಂದ್ರ ಸರ್ಕಾರದ ೨೦೨೨ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಆದರೆ ಹಳೆಯ ಮನೆಗಳಿಗೆ ಮಂಜೂರಾದ ಲೋಡು ಒಂದೋ ಎರಡೋ ಕಿಲೋವ್ಯಾಟು ಇರುತ್ತದೆ. ನಮ್ಮ ಕಡೆಯವರು ಜೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಮೊದಲು ಅದನ್ನು ಹೆಚ್ಚಿಸಿಕೊಳ್ಳಬೇಕು. ೨೦೨೩ರಲ್ಲಿ ಆರಂಭವಾದ ಗೃಹಜ್ಯೋತಿಯ ಫಲಾನುಭವಿಗಳು ಇನ್ನೊಂದು ಲೆಕ್ಕ ಹಾಕಬೇಕು. ನನ್ನ ಕಾರಿಗೆ ದಿನಕ್ಕೆ ೭ರಂತೆ, ೨೫ ದಿನಕ್ಕೆ ೧೭೫ ಯೂನಿಟ್ಟು. ಮನೆಗೆ ೮೦. ಒಟ್ಟು ೨೫೫. ತಿಂಗಳಿಗೆ ೨೦೦ ದಾಟಿದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ಇದನ್ನು ಮರೆತು ಆಮೇಲೆ ಕಾರನ್ನು ಬೈದರೆ ಪ್ರಯೋಜನವಿಲ್ಲ. ವಿದ್ಯುತ್ ವಾಹನಗಳ ಚಾರ್ಜಿಂಗಿಗೆ ನಮ್ಮ ರಾಜ್ಯದಲ್ಲಿ ಪ್ರತ್ಯೇಕ ದರವೂ ಉಂಟು. ಕಾರಿಗೆ ಬೇರೆ ಮೀಟರು ಹಾಕಿಸುವುದು ನಿಮಗೆ ಲಾಭವೇ ಎಂದು ಉಪವಿಭಾಗದ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿರಿ.

ನಾನು ಕಡೆಗೆ ಹಾಕಿಸಿದ್ದು ಯಾವುದು ಎಂದು ಕೇಳುತ್ತೀರಾ? ಕಾರಿನ ಜೊತೆ ಬಂದ ಆ ಸಣ್ಣ ಚಾರ್ಜರನ್ನೇ ಉಳಿಸಿಕೊಂಡೆ. ಕೊಳ್ಳಬೇಕೆಂದು ವಿಚಾರಿಸಿಟ್ಟಿದ್ದ ದೊಡ್ಡ ಪೆಟ್ಟಿಗೆಯ ಹಣ ತಂತಿಗೆ, ಆರ್‌ಸಿಸಿಬಿಗೆ, ಹಿತ್ತಲಿನ ಎರಡು ಸಲಾಕೆಗಳಿಗೆ ಹೋಯಿತು. ಬಂದವರಿಗೆ ತೋರಿಸಲು ಗೋಡೆಯ ಮೇಲೆ ಹೊಳೆಯುವಂಥದು ಏನೂ ಇಲ್ಲ, ಇರುವುದೆಲ್ಲ ನೆಲದೊಳಗಿದೆ.

ನಮ್ಮ ತಾಯಿ ಕೆಲವು ದಿನ ಕಾರಿನಿಂದ ಮಾರು ದೂರದಲ್ಲಿ ರಂಗೋಲಿ ಹಾಕಿದರು. ಕೆಲಸವೆಲ್ಲ ಮುಗಿದ ಮಾರನೆಯ ಬೆಳಗ್ಗೆ, ಚಾರ್ಜು ಆಗುತ್ತಿರುವಾಗಲೇ, ನಾನು ಅವರ ಮುಂದೆ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಕಾರಿನ ಬಾಗಿಲನ್ನು ಮುಟ್ಟಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಆಮೇಲೆ ಬಂದು ಕೈ ಊರಿ ಎದ್ದರು. ನೀವೂ ಚಾರ್ಜರನ್ನು ಆರಿಸುವ ಮೊದಲು ನಿಮ್ಮ ಮನೆಯಲ್ಲಿ ಅರ್ತು ಇದೆಯೇ ಎಂದು ಬಲ್ಲವರಿಂದ ಒಮ್ಮೆ ನೋಡಿಸಿರಿ.